ಬೋರೇಗೌಡ ಕತೆ ಓದಿಬಿಟ್ಟದ್ದು

ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಪೆನ್ಸಿಲ್ ಹಿಡಿದು ತಿದ್ದುವ ಚಟ ನನಗಿದೆ. ಲಗ್ನಪತ್ರಿಕೆ ಬಂದರೆ ವಧು ಯಾರು, ವರ ಯಾರು ಎಂದು ನೋಡುವುದಕ್ಕೆ ಮುಂಚೆ ‘ಆಶೀರ್ವದಿಸಬೇಕಾಗಿ’ ಎಂಬಲ್ಲಿ ಅರ್ಕಾವೊತ್ತು ನೆಟ್ಟಗಿದೆಯೇ ಎಂದು ನೋಡುತ್ತೇನೆ. ಶುಭದ ಕಾಗದ, ಅಶುಭದ ಕಾಗದ ಎಂಬ ಭೇದವೂ ಇಲ್ಲ. ಹೋದ ತಿಂಗಳು ಯಾರದೋ ವೈಕುಂಠ ಸಮಾರಾಧನೆಯ ಕಾಗದ ಬಂತು. ಎರಡು ತಪ್ಪು ಹಿಡಿದು, ಅಂಚಿನಲ್ಲಿ ಗುರುತು ಹಾಕಿ, ತೃಪ್ತಿಯಿಂದ ಕನ್ನಡಕ ತೆಗೆದಿಟ್ಟ ಮೇಲೆ, ಹೋದವರು ಯಾರೆಂದು ನೋಡಲಿಲ್ಲವಲ್ಲ ಎಂದು ನೆನಪಾಗಿ ಮತ್ತೆ ಕನ್ನಡಕ ಹಾಕಿಕೊಂಡೆ. ಚಿಕ್ಕಂದಿನಲ್ಲಿ ನನ್ನ ಜೊತೆ ಗೋಲಿ ಆಡಿದವನು. ಪೆನ್ಸಿಲಿನ ಗುರುತನ್ನು ರಬ್ಬರಿನಿಂದ ಉಜ್ಜಿದೆ. ಉಜ್ಜಿದ ಜಾಗ ಇನ್ನಷ್ಟು ಕಪ್ಪಾಯಿತು.

ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ. ಚಾಮರಾಜಪುರದ ಒಂದು ಅಡ್ಡರಸ್ತೆಯ ಅಚ್ಚುಕೂಟದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದವನು ನಾನು. ಪಂಚಾಂಗ, ಶಾಲೆಯ ಪ್ರಶ್ನೆಪತ್ರಿಕೆ, ಔಷಧದ ಚೀಟಿ, ಎಲ್ಲಕ್ಕಿಂತ ಹೆಚ್ಚಾಗಿ ಕಾದಂಬರಿ. ಈಗ ಕಣ್ಣು ಸೋತಿವೆ. ಸಂಜೆಯಾದರೆ ಅಕ್ಷರಗಳು ಇರುವೆಗಳ ಹಾಗೆ ಸಾಲು ಬಿಟ್ಟು ಹೊರಡುತ್ತವೆ. ಕಣ್ಣಿನ ಡಾಕ್ಟರು, “ಇನ್ಮೇಲೆ ಓದೋದು ಕಮ್ಮಿ ಮಾಡ್ಕೊಳ್ಳಿ” ಎಂದರು. ಅವರ ಚೀಟಿಯ ತಲೆಬರಹದಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಹೇಳಲಿಲ್ಲ. ಅಷ್ಟು ಸುಸ್ತಾಗಿದ್ದೆ.

ಎದುರು ಮನೆಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರಿದ್ದಾರೆ. ಅವರ ಮಗಳು ಕಾಲೇಜಿಗೆ ಹೋಗುತ್ತಾಳೆ, ಗಣಿತದ ಪುಸ್ತಕದ ಒಳಗೆ ಕಾದಂಬರಿ ಇಟ್ಟುಕೊಂಡು ಓದುತ್ತಾಳೆ. ಮೊನ್ನೆ ಅದು ಸಿಕ್ಕಿಬಿದ್ದು, ಶಿರಸ್ತೇದಾರರು ನನ್ನನ್ನು ತಜ್ಞಸಾಕ್ಷಿಯಾಗಿ ಕರೆಸಿದರು.

“ನೋಡಿ, ನೀವು ಬೇಕಾದಷ್ಟು ಕಾದಂಬರಿ ಓದಿದ್ದೀರಿ. ನೀವೇ ಹೇಳಿ ಇವಳಿಗೆ. ಅದರಿಂದ ಏನು ಕಲಿತ್ರಿ?”

ಹುಡುಗಿ ನನ್ನ ಮುಖ ನೋಡುತ್ತಿದ್ದಳು. “ಕಾಗುಣಿತ ಕಲಿತೆ” ಎಂದು ಹೇಳಿ ಎದ್ದು ಬಂದೆ. ಇಬ್ಬರಿಗೂ ನಿರಾಶೆಯಾಯಿತೆಂದು ಕಾಣುತ್ತದೆ.

ಮನೆಗೆ ಬಂದು ಜಗಲಿಯಲ್ಲಿ ಕೂತು ಯೋಚಿಸಿದೆ. ಕಲಿತದ್ದೇನೂ ಕಡಿಮೆಯಿಲ್ಲ. ಸಮುದ್ರವನ್ನೇ ನೋಡದ ನನಗೆ ದೋಣಿಯನ್ನು ದಡಕ್ಕೆ ಹೇಗೆ ಕಟ್ಟಬೇಕೆಂದು ಗೊತ್ತು. ಯಾವ ವಿಷಕ್ಕೆ ವಾಸನೆ ಇಲ್ಲವೆಂದು ಗೊತ್ತು. ಇದನ್ನು ಒಂದು ದಿನ ಊಟದ ನಡುವೆ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ನಾನು ಕರಡು ತಿದ್ದಿದ ಮೂರು ಕಾದಂಬರಿಗಳಲ್ಲಿ ನಾಯಕ ನಾಯಕಿಯರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತ ತಮ್ಮ ಮನಸ್ಸನ್ನು ಬಿಚ್ಚಿ ಹೇಳಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಸಾವಿತ್ರಿಯನ್ನು ನಾನೂ ಕರೆದುಕೊಂಡು ಹೋಗಿದ್ದೆ. ಇನ್ನೂರು ಮೆಟ್ಟಿಲಾಗುವ ಹೊತ್ತಿಗೆ ಮಾತಿರಲಿ, ಉಸಿರಿಗೇ ಗತಿಯಿರಲಿಲ್ಲ. ಅವಳು ನಂದಿಯ ಹತ್ತಿರ ಕೂತು ನಾನು ಬರುವವರೆಗೆ ಕಡಲೆಕಾಯಿ ಬಿಡಿಸಿ ತಿಂದು ಮುಗಿಸಿದ್ದಳು. ಆ ಮೂವರು ಕಾದಂಬರಿಕಾರರೂ ಬೆಟ್ಟಕ್ಕೆ ಹೋಗಿದ್ದರೆ ಮೋಟಾರಿನಲ್ಲಿ ಹೋಗಿರಬೇಕು ಎಂಬುದು ಅಂದು ನಾನು ಕಲಿತದ್ದು.

ಇನ್ನೂ ಹಿಂದಕ್ಕೆ ಹೋದರೆ, ನಾನು ಓದಿದ ಮೊಟ್ಟಮೊದಲ ಕತೆ ಅಂಗಡಿಯಿಂದ ಹುಣಿಸೆಹಣ್ಣು ಕಟ್ಟಿಸಿಕೊಂಡು ಬಂದ ಕಾಗದದಲ್ಲಿತ್ತು. ಏಳೋ ಎಂಟೋ ವರ್ಷ ನನಗೆ. ಅಂಟಿದ ಹುಳಿಯನ್ನು ನೆಕ್ಕುತ್ತ ಓದಿದೆ. ಯಾರೋ ಒಬ್ಬ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಿದ್ದ. ಹಗ್ಗದ ಮೇಲಿನ ತುದಿ ಅವನ ಭಾವಮೈದುನನ ಕೈಯಲ್ಲಿತ್ತು. ಅಲ್ಲಿಗೆ ಕಾಗದ ಮುಗಿಯಿತು. ಮುಂದಿನ ಹಾಳೆಯಲ್ಲಿ ಅಂಗಡಿಯವನು ಯಾರಿಗೆ ಏನು ಕಟ್ಟಿಕೊಟ್ಟನೋ ಗೊತ್ತಿಲ್ಲ. ನನ್ನ ಪಾಲಿಗೆ ಅವನಿನ್ನೂ ಬಾವಿಯಲ್ಲೇ ಇದ್ದಾನೆ.

ಆದರೆ ಶಿರಸ್ತೇದಾರರು ಕೇಳಿದ್ದು ಇಂಥದ್ದನ್ನಲ್ಲ. ಅವರ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನಲ್ಲ, ಬೋರೇಗೌಡ. ಜಗಲಿಯಲ್ಲಿ ಕೂತಿದ್ದಾಗ ಅವನೇ ನೆನಪಾದ.

ಬೋರೇಗೌಡ ನಮ್ಮ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು. ಅಚ್ಚಿನ ಮೊಳೆ ನೋಡದವರಿಗೆ ಹೇಳಬೇಕೆಂದರೆ, ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ತುಂಡು. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ. ಮರದ ಖಾನೆಗಳಿಂದ ಅವನ್ನು ಆಯ್ದು, ತಲೆಕೆಳಗಾಗಿ ಸಾಲು ಕೂಡಿಸಬೇಕು. ಬೋರೇಗೌಡ ಪಟ್ಟಣದ ಹೊರಗಿನ ಹಿನಕಲ್ ಎಂಬ ಹಳ್ಳಿಯವನು. ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿ ತನ್ನ ಪಾಲಿಗೆ ಬಂದದ್ದರಲ್ಲಿ ರಾಗಿ ಮೂರು ತಿಂಗಳಿಗೂ ಸಾಲುತ್ತಿರಲಿಲ್ಲವಾದ್ದರಿಂದ ಪಟ್ಟಣದ ಕೆಲಸಕ್ಕೆ ಬಂದಿದ್ದ. ದಿನವೂ ಬೆಳಿಗ್ಗೆ ಹಿನಕಲ್ಲಿನಿಂದ ನಡೆದು ಬರುವುದು, ಸಂಜೆ ನಡೆದು ಹೋಗುವುದು. ಸ್ವಾತಂತ್ರ್ಯ ಬಂದು ಮೂರು ನಾಲ್ಕು ವರ್ಷವಾಗಿತ್ತು. ಅಕ್ಕಿ, ಸಕ್ಕರೆ ಎಲ್ಲ ರೇಷನ್ನಿನಲ್ಲಿ. ಎಲ್ಲರ ಮನೆಯಲ್ಲೂ ಅಳತೆಯ ಅಡಿಗೆ.

ಅವನ ಕೈ ಬಹಳ ಶುದ್ಧ. ಅವನು ಜೋಡಿಸಿದ ಪುಟದಲ್ಲಿ ಒಂದು ತಪ್ಪು ಸಿಕ್ಕರೆ ಹೆಚ್ಚು. ಇದು ಹೇಗೆ ಸಾಧ್ಯವಯ್ಯ ಎಂದು ಒಮ್ಮೆ ಕೇಳಿದ್ದಕ್ಕೆ ಹೇಳಿದ್ದ:

“ನಾನು ಅಕ್ಸರ ನೋಡ್ತೀನಿ ಸ್ವಾಮಿ, ಕತೆ ನೋಡಕಿಲ್ಲ. ಕತೆ ನೋಡುದ್ರೆ ಕೈ ನಿಂತೋಯ್ತದೆ.”

ಅದು ನನಗೆ ತುಂಬ ಹಿಡಿಸಿದ ಮಾತು. ನಾನೂ ಹಾಗೆಯೇ. ನಾಯಕಿ ಬಾವಿಗೆ ಹಾರುವಾಗ ನಾನು ಗಮನಿಸುವುದು ‘ಹಾರಿದಳು’ ಎಂಬಲ್ಲಿ ಳಕಾರವಿದೆಯೋ ಲಕಾರವಿದೆಯೋ ಎಂಬುದನ್ನು.

ಆ ವರ್ಷ ಒಂದು ದಪ್ಪ ಕಾದಂಬರಿಯ ಹಸ್ತಪ್ರತಿ ಬಂತು. ಬರೆದವರು ಯಾರೋ ಹೆಂಗಸು, ಹೆಸರು ಮರೆಸಿಕೊಂಡು ಬರೆದದ್ದು. ಒಬ್ಬ ವಕೀಲನ ಮನೆಯ ಕತೆ. ವಕೀಲ, ಅವನ ತಾಯಿ, ಬಸುರಿ ಹೆಂಡತಿ. ಮುನ್ನೂರು ಪುಟದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ ಎಂದು ಅಚ್ಚುಕೂಟದ ಯಜಮಾನರೇ ಗೊಣಗುತ್ತಿದ್ದರು. ಬೋರೇಗೌಡ ಜೋಡಿಸುತ್ತ ಹೋದ, ನಾನು ತಿದ್ದುತ್ತ ಹೋದೆ.

ಒಂದು ದಿನ ಅವನು ಕೊಟ್ಟ ಕರಡನ್ನು ನೋಡಿ ನನಗೆ ತಲೆ ಸುತ್ತು ಬಂದಂತಾಯಿತು. ಒಂದೇ ಪುಟದಲ್ಲಿ ಹದಿನೇಳು ತಪ್ಪು. ಒಂದು ಸಾಲು ಎರಡು ಸಲ ಬಂದಿದೆ, ಇನ್ನೊಂದು ಸಾಲು ಬಂದೇ ಇಲ್ಲ. ನನ್ನ ಕಣ್ಣು ಆಗಲೇ ಉರಿಯುತ್ತಿದ್ದವು. ಹಿಂದಿನ ಕೋಣೆಗೆ ಹೋಗಿ ಕಾಗದವನ್ನು ಅವನ ಮುಂದೆ ಹಿಡಿದೆ.

“ಏನಯ್ಯಾ ಇದು? ಜ್ವರಗಿರ ಬಂದಿದೆಯೇನು?”

ಅವನು ಖಾನೆಯ ಮುಂದೆ ಸುಮ್ಮನೆ ನಿಂತಿದ್ದ. ಕೈಯಲ್ಲಿ ಮೊಳೆ ಇರಲಿಲ್ಲ.

“ತೆಪ್ಪಾಯ್ತು ಸ್ವಾಮಿ. ಕತೆ ಓದ್ಬುಟ್ಟೆ” ಎಂದ.

ಆ ಪುಟದಲ್ಲಿ ಇದ್ದದ್ದು ಇಷ್ಟು. ಒಂದು ಮಧ್ಯಾಹ್ನ ಕೋರ್ಟು ಬೇಗ ಮುಗಿದು ವಕೀಲ ಮನೆಗೆ ಬರುತ್ತಾನೆ. ತಾಯಿ ಉಂಡು ಮಲಗಿದ್ದಾಳೆ. ಅವನಿಗೆ ಬಾಯಾರಿಕೆ. ಯಾರನ್ನೂ ಕರೆಯದೆ ತಾನೇ ನೀರಿಗೆಂದು ಅಡಿಗೆಮನೆಯ ಬಾಗಿಲಿಗೆ ಹೋಗುತ್ತಾನೆ. ಒಳಗೆ ಹೆಂಡತಿ ಖಾಲಿ ತಪ್ಪಲೆಗೆ ನೀರು ಹಾಕಿ, ತಳಕ್ಕೆ ಹತ್ತಿದ ಅಗುಳುಗಳನ್ನು ಬೆರಳಿನಿಂದ ಬಿಡಿಸಿ, ಆ ನೀರನ್ನು ಕುಡಿಯುತ್ತಿದ್ದಾಳೆ. ವಕೀಲ ಬಂದ ಹೆಜ್ಜೆಯಲ್ಲೇ ಹಿಂದಿರುಗುತ್ತಾನೆ. ಅಷ್ಟೇ. ಹಸ್ತಪ್ರತಿಯಲ್ಲಿ ನಾನು ಆ ಪುಟವನ್ನು ಮೊದಲೇ ನೋಡಿದ್ದೆ. ನೋಡಿ, ಒಂದು ಕಡೆ ‘ತಪ್ಪಲೆ’, ಇನ್ನೊಂದು ಕಡೆ ‘ತಪಲೆ’ ಎಂದಿರುವುದನ್ನು ಕಂಡುಹಿಡಿದು, ಎರಡನ್ನೂ ಒಂದು ಮಾಡಿ ಮುಂದೆ ಹೋಗಿದ್ದೆ.

“ಇದು ದಿಟವಾ ಸ್ವಾಮಿ? ಎಂಗುಸ್ರು ಇಂಗೆ ಮಾಡ್ತಾರಾ?” ಎಂದು ಬೋರೇಗೌಡ ಕೇಳಿದ.

“ಕಾದಂಬರಿ ಅಂದರೆ ಕಲ್ಪನೆ ಕಣಯ್ಯಾ. ಮೊದಲು ಪುಟ ಸರಿಮಾಡು” ಎಂದೆ.

ಅವನು ಸರಿಮಾಡಿದ. ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೇಳದೆ ಕೇಳದೆ ಹೊರಟುಹೋದ. ಅದರ ಮಾರನೆಯ ದಿನ ಬೆಳಿಗ್ಗೆ ಬಂದವನು ಯಜಮಾನರಿಂದ ಬೈಸಿಕೊಂಡು, ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನ ಮನೆಯ ಸಂಗತಿ ನನಗೆ ಗೊತ್ತಾದದ್ದು ಆಗ.

ಮನೆಯಲ್ಲಿ ಮೂರೇ ಜನ, ಅವನು, ಅವನ ತಾಯಿ, ಹೆಂಡತಿ ನಿಂಗಮ್ಮ. ನಿಂಗಮ್ಮನಿಗೆ ಎರಡು ಸಲ ಬಸುರು ನಿಂತು, ಇಳಿದುಹೋಗಿತ್ತು. ಈಗ ಮೂರನೆಯದು, ನಾಲ್ಕನೆಯ ತಿಂಗಳು. ನೀರು ಸೇದುವಾಗ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದಳು. ಗಾಳಿ ಸೋಕಿದೆ ಎಂದು ತಾಯಿ ತಾಯಿತ ಕಟ್ಟಿಸಿದ್ದಳು, ಬೆಟ್ಟದ ಅಮ್ಮನಿಗೆ ಹರಕೆ ಹೊತ್ತಿದ್ದಳು. ಬೋರೇಗೌಡನೂ ಹಾಗೆಯೇ ನಂಬಿದ್ದ. ಬೆಳಿಗ್ಗೆ ಎದ್ದು ಅವನು ಬುತ್ತಿ ಕಟ್ಟಿಸಿಕೊಂಡು ಬಂದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನದಲ್ಲಿ ತನ್ನ ಮನೆ ಹೇಗಿರುತ್ತದೆಂದು ಮದುವೆಯಾಗಿ ಆರು ವರ್ಷದಲ್ಲಿ ನೋಡಿರಲಿಲ್ಲ.

“ಬುತ್ತಿಗೆ ನಂಗೆ ಎಲ್ಡು ಮುದ್ದೆ ಕಟ್ಟಿದ್ಲು ಸ್ವಾಮಿ. ಅವ್ವಂಗೆ ಒಂದು. ಓಗಿ ನೋಡ್ತೀನಿ, ಮಡ್ಕೇಲಿ ಬರೀ ಸೀಕು. ತಳಕ್ಕೆ ಅತ್ತಿರೋದ್ನ ಕೆರ್ಕಂಡು ನೀರು ಉಯ್ಕಂಡು ಕುಡೀತಾವ್ಳೆ. ಬರೆದೋರು ನಮ್ಮನೆಗೆ ಬಂದು ನೋಡ್ಕಂಡು ಓಗಿರಂಗೈತೆ.”

“ನೀನು ಏನಂದೆ?”

“ಯಾಕೆ ಇಂಗೆ ಅಂದೆ. ನಂಗೆ ಅಸಿವಿಲ್ಲ ಅಂದ್ಲು.”

ಆ ಸಂಜೆಯಿಂದ ನಿಂಗಮ್ಮ ತನ್ನ ಜೊತೆಯಲ್ಲೇ ಕೂತು ಉಣ್ಣಬೇಕೆಂದು ಅವನು ಹಟ ಹಿಡಿದ. ಅದೇನು ದೊಡ್ಡ ವಿಷಯ ಎಂದು ಈಗಿನವರಿಗೆ ಅನ್ನಿಸಬಹುದು. ನಿಂಗಮ್ಮ ಗಂಡನ ಪಕ್ಕ ಕೂತಳು, ತುತ್ತು ಮುರಿದಳು, ಕೈ ಬಾಯಿಗೆ ಏಳಲಿಲ್ಲ. ಮುದ್ದೆಯ ಮೇಲೆ ಕಣ್ಣೀರು ಹಾಕಿಕೊಂಡು ಎದ್ದುಹೋದಳು. ತಾಯಿ ಇನ್ನೂ ಬಿಗಿಯಾದಳು. “ನಾನೂ ಅಂಗೇ ಬಾಳಿದ್ದು. ನಾನೇನು ಸತ್ತೋದ್ನಾ? ಸೊಸೆ ಉಂಡು ಮಿಕ್ಕಿದ್ದು ಉಣ್ಣೋ ಗತಿ ನಂಗೆ ಬಂದಿಲ್ಲ” ಎಂದು ತಟ್ಟೆ ಸರಿಸಿ ಎರಡು ದಿನ ಉಪವಾಸ ಕೂತಳು. ಅಲ್ಲಿಗೆ ಒಬ್ಬರು ಉಣ್ಣದ ಮನೆಯಲ್ಲಿ ಮೂವರೂ ಉಣ್ಣದಂತಾಯಿತು.

ಮೂರನೆಯ ದಿನ ಬೋರೇಗೌಡ ನನ್ನನ್ನು ಕೇಳಿದ: “ಸ್ವಾಮಿ, ಆ ಪುಟ ನಂಗೊಂದು ಕೊಡಿ. ಅವ್ವಂಗೆ ಓದಿ ಏಳ್ತೀನಿ. ನನ್ನ ಮಾತು ಕೇಳಕಿಲ್ಲ ಅವಳು. ಅಚ್ಚಾಗಿರೋದ್ನ ಕೇಳ್ಬೋದು.”

ಇನ್ನೂ ಹೊರಬರದ ಪುಸ್ತಕದ ಕರಡು ಹೊರಗಿನವರ ಕೈಗೆ ಹೋಗಬಾರದೆಂಬುದು ಯಜಮಾನರ ಕಟ್ಟಪ್ಪಣೆ. ಅದನ್ನು ಮುರಿಯುವಷ್ಟು ಧೈರ್ಯ ನನ್ನದಲ್ಲ. ಆದರೆ ಇಲ್ಲ ಎಂದು ಹೇಳಿ ಕಾರಣ ಕೊಡುವುದಕ್ಕಿಂತ ಕೊಟ್ಟುಬಿಡುವುದೇ ಕಡಿಮೆ ಆಯಾಸವೆಂದು ತೋರಿ, ಮೂರನೆಯ ಕರಡಿನ ಹಾಳೆಯನ್ನು ಮಡಿಸಿ ಕೊಟ್ಟೆ. ನನ್ನ ಒಳ್ಳೆಯ ಕೆಲಸಗಳಲ್ಲಿ ಹೆಚ್ಚಿನವು ಹೀಗೆ ಸೋಮಾರಿತನದಿಂದ ಆದವು.

ಮಾರನೆಯ ದಿನ, “ಏನಂದರಯ್ಯಾ ನಿಮ್ಮ ತಾಯಿ?” ಎಂದು ಕೇಳಿದೆ.

“ಆ ವಕೀಲ್ರ ತಾಯಿ ಆಮ್ಯಾಲೆ ಏನ್ ಅಂದ್ಲು ಅಂತ ಕೇಳುದ್ಲು ಸ್ವಾಮಿ. ಈ ಪುಟದಲ್ಲಿ ಅವಳು ಮನೀಕಂಡವ್ಳೆ, ಏನೂ ಅಂದಿಲ್ಲ ಅಂದೆ. ಇನ್ನೊಂದು ಪುಟ ತಕಂಬಾ ಅಂದ್ಲು.”

ಹೀಗೆ ಶುರುವಾಯಿತು. ಹಿಂದಿನ ಪುಟಗಳೂ ಹೋದವು, ಮುಂದಿನ ಪುಟಗಳೂ ಜೋಡಿಸಿದ ಹಾಗೆಲ್ಲ ಹಿನಕಲ್ಲಿಗೆ ಹೋದವು. ಸಂಜೆ ಅವನು ಕೈಕಾಲು ತೊಳೆದು ಬುಡ್ಡಿದೀಪದ ಮುಂದೆ ಕೂತು ಓದಬೇಕು. ತಾಯಿಗೂ ಸೊಸೆಗೂ ಕೇಳುವ ಆತುರ. ಓದುತ್ತಿರುವವನಿಗೆ ಬಡಿಸುವ ಹಾಗಿಲ್ಲ, ಅವನು ಓದಿ ಮುಗಿಸುವವರೆಗೆ ಕಾಯುವಷ್ಟು ಹೊತ್ತೂ ಇಲ್ಲ. ಒಂದು ದಿನ ತಾಯಿ ತಾನೇ, “ನೀನು ಓದ್ತಿರು, ನಾವು ಉಂಡ್ಕತೀವಿ” ಎಂದಳಂತೆ. ಕತೆ ಕೇಳುತ್ತ ಇಬ್ಬರೂ ಮೈಮರೆತು ಉಂಡರು. ನಿಂಗಮ್ಮನಿಗೆ ತಾನು ಅತ್ತೆಯ ಎದುರು, ಗಂಡನಿಗಿಂತ ಮೊದಲು ಉಣ್ಣುತ್ತಿದ್ದೇನೆಂಬುದು ತಟ್ಟೆ ಖಾಲಿಯಾದ ಮೇಲೆ ಗೊತ್ತಾಯಿತು.

“ನಾನು ಓದಿ ಮುಗ್ಸಿ ಮಡ್ಕೆ ನೋಡ್ತೀನಿ, ತಳ ನಂಗೆ ಬಿತ್ತು ಸ್ವಾಮಿ” ಎಂದ ಬೋರೇಗೌಡ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. “ಸೀಕು ಅಂಗೇನೂ ಕೆಟ್ಟದಾಗಿರಕಿಲ್ಲ. ಆದ್ರೆ ಒಟ್ಟೆ ತುಂಬಕಿಲ್ಲ.”

ಮರುದಿನದಿಂದ ಮುದ್ದೆಯ ಲೆಕ್ಕ ತಾನಾಗಿ ಬದಲಾಯಿತು. ಮಗ ಹಸಿದಿರುತ್ತಾನೆಂದು ತಾಯಿ ಒಂದು ಮುದ್ದೆಯ ಹಿಟ್ಟು ಹೆಚ್ಚು ಹಾಕಿಸಿದಳು. ಬುತ್ತಿಯ ಎರಡು ಮುದ್ದೆಯಲ್ಲಿ ಒಂದನ್ನು ಅವನು ಮನೆಯಲ್ಲೇ ಬಿಟ್ಟು ಬರತೊಡಗಿದ. ಅಚ್ಚುಕೂಟದಲ್ಲಿ ನಾವು ಅವನಿಗೆ ಎರಡು ಹಿಡಿ ಕಡಲೆಪುರಿ ಕೊಟ್ಟರೆ ಬೇಡವೆನ್ನುತ್ತಿರಲಿಲ್ಲ. ನಿಂಗಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿಯ ನರ್ಸಮ್ಮ ಗಾಳಿಯ ಮಾತು ಎತ್ತಲಿಲ್ಲವಂತೆ. ಮೈಯಲ್ಲಿ ರಕ್ತವಿಲ್ಲ, ಸೊಪ್ಪು ತಿನ್ನಿ, ಹೊಟ್ಟೆ ತುಂಬ ತಿನ್ನಿ ಎಂದರಂತೆ.

ಕಾದಂಬರಿ ಮುಗಿಯುತ್ತ ಬಂತು. ನಿಂಗಮ್ಮನಿಗೆ ಎಂಟನೆಯ ತಿಂಗಳು. ಕೊನೆಯ ಅಧ್ಯಾಯದ ಹಸ್ತಪ್ರತಿ ಕೈಗೆ ಬಂದ ದಿನ ಬೋರೇಗೌಡ ಮೊಳೆ ಮುಟ್ಟದೆ ನನ್ನ ಹತ್ತಿರ ಬಂದ. ಕತೆಯಲ್ಲಿ ವಕೀಲನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ.

“ಇದುನ್ನ ಬದ್ಲಾಯ್ಸಕಾಗಕಿಲ್ವಾ ಸ್ವಾಮಿ?”

“ಬರೆದವರದು ಅದು. ನಾವು ಒಂದು ಕೊಂಬು ಕೂಡ ಸೇರಿಸುವ ಹಾಗಿಲ್ಲ.”

“ಮನೇಲಿ ಎಂಗೆ ಓದ್ಲಿ? ನಿಂಗಿ ದಿನಾ ಕೇಳ್ತಾವ್ಳೆ, ಅವಳಿಗೆ ಗಂಡಾ ಎಣ್ಣಾ ಅಂತ.”

ಕತೆ ಮುಗೀತು ಅಂತ ಹೇಳಿಬಿಡು ಎಂದೆ. ಅವನು ತಲೆಯಾಡಿಸಿ ಹೋದ. ಕೊನೆಯ ಅಧ್ಯಾಯವನ್ನು ಎಂದಿನ ಹಾಗೆ, ಒಂದೂ ತಪ್ಪಿಲ್ಲದೆ ಜೋಡಿಸಿಕೊಟ್ಟ.

ಎರಡು ದಿನ ಬಿಟ್ಟು ನನ್ನ ಮೇಜಿಗೆ ಇನ್ನೊಂದು ಕರಡು ಬಂತು. ಅರ್ಧ ಪುಟ. ಯಾವ ಪುಸ್ತಕದ್ದೆಂದು ಗೊತ್ತಾಗಲಿಲ್ಲ. ಒತ್ತು, ದೀರ್ಘಗಳೆಲ್ಲ ಎಲ್ಲೆಲ್ಲೋ ಬಿದ್ದಿದ್ದವು.

“ಇದರ ಹಸ್ತಪ್ರತಿ ಎಲ್ಲಿ?”

“ಇಲ್ಲ ಸ್ವಾಮಿ. ತಲೆಯಿಂದ್ಲೇ ಜೋಡಿಸ್ದೆ. ನೀವೊಂದ್ಸಲ ತಿದ್ಕೊಡಿ.”

ಅದು ಅದೇ ವಕೀಲನ ಮನೆ. ಹೆಂಡತಿಗೆ ಹೆಣ್ಣು ಮಗುವಾಗಿದೆ. ವಕೀಲನ ತಾಯಿ ತಾನೇ ಎದ್ದು, ಸೊಸೆಯ ತಟ್ಟೆಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ, “ನೀನು ಉಣ್ಣವ್ವ, ನಾನು ಮಗೂನ ನೋಡ್ಕತೀನಿ” ಎನ್ನುತ್ತಾಳೆ. ವಕೀಲ ಕೋರ್ಟಿಗೆ ರಜ ಹಾಕಿ ಸೌದೆ ಒಡೆಯುತ್ತಾನೆ. ಇಷ್ಟೇ. ಮುನ್ನೂರು ಪುಟದಲ್ಲಿ ಬೆಳ್ಳಿಲೋಟದಲ್ಲಿ ಕಾಫಿ ಕುಡಿದುಕೊಂಡಿದ್ದ ವಕೀಲ ಕೊನೆಯ ಅರ್ಧ ಪುಟದಲ್ಲಿ ಕೊಡಲಿ ಹಿಡಿದಿದ್ದ.

ಇಪ್ಪತ್ತು ತಪ್ಪಿದ್ದವು. ಎಲ್ಲವನ್ನೂ ತಿದ್ದಿದೆ. ‘ಉಣ್ಣವ್ವ’ ಎಂಬುದನ್ನು ‘ಊಟ ಮಾಡಮ್ಮ’ ಎಂದು ಮಾಡಬೇಕೇ ಎಂದು ಸ್ವಲ್ಪ ಹೊತ್ತು ಯೋಚಿಸಿ, ಹಾಗೆಯೇ ಬಿಟ್ಟೆ. ಅವನು ಮೊಳೆ ಸರಿಪಡಿಸಿ, ಒಂದೇ ಒಂದು ಪ್ರತಿ ತೆಗೆದು, ಯಜಮಾನರು ಬರುವಷ್ಟರಲ್ಲಿ ಮೊಳೆಗಳನ್ನೆಲ್ಲ ಬಿಚ್ಚಿ ಅದರದರ ಖಾನೆಗೆ ಹಾಕಿದ. ಲೋಕದಲ್ಲಿ ಆ ಪುಟದ್ದು ಒಂದೇ ಪ್ರತಿ ಇದ್ದದ್ದು.

ಮಾರನೆಯ ಬೆಳಿಗ್ಗೆ ನಾನೇ ಹಿಂದಿನ ಕೋಣೆಗೆ ಹೋಗಿ ಕೇಳಿದೆ.

“ಇದು ನೀನ್ ಬರ್ದಿರೋದು ಅಂದ್ಬುಟ್ಲು ಸ್ವಾಮಿ ಅವ್ವ” ಎಂದ.

“ಹೇಗೆ ಗೊತ್ತಾಯಿತು ಅವರಿಗೆ?”

“ವಕೀಲ್ರ ಮನೇಲಿ ಮುದ್ದೆ ಎಲ್ಲಿಂದ ಬಂತು ಅಂದ್ಲು.”

ನನಗೆ ನಗು ಬಂತು. ಅವನು ನಗಲಿಲ್ಲ. ಮೊಳೆ ಜೋಡಿಸುವ ಕಡ್ಡಿಯಲ್ಲಿದ್ದ ಸಾಲನ್ನು ಬೆರಳಿನಿಂದ ಒತ್ತುತ್ತ ಹೇಳಿದ:

“ಅಂದ್ಬುಟ್ಟು, ಸುಮ್ಕೆ ಎದ್ದು ನಿಂಗಿ ತಟ್ಟೆಗೆ ಇನ್ನೊಂದು ಮುದ್ದೆ ಇಕ್ಕಿದ್ಲು.”

ಒಂದು ತಿಂಗಳಿಗೆ ಅವನು ಒಂದು ಗಂಟೆ ತಡವಾಗಿ ಬಂದ. ಹೆಣ್ಣು ಮಗು, ತಾಯಿ ಮಗು ಎರಡೂ ಚೆನ್ನಾಗವೆ ಎಂದು ಹೇಳಿ, ಎಲ್ಲರ ಕೈಗೂ ಬೆಲ್ಲದ ಚೂರು ಕೊಟ್ಟು, ಖಾನೆಯ ಮುಂದೆ ನಿಂತ. ಕಾದಂಬರಿಯೂ ಅದೇ ವಾರ ಹೊರಬಂತು. ಯಾರೂ ಕೊಳ್ಳಲಿಲ್ಲ. ಎರಡು ವರ್ಷ ಮೂಲೆಯಲ್ಲಿ ಧೂಳು ತಿಂದು ಆಮೇಲೆ ತೂಕಕ್ಕೆ ಹೋಯಿತು. ಬರೆದ ಹೆಂಗಸು ಯಾರೋ, ತನ್ನ ಪುಸ್ತಕ ಯಾರಿಗೂ ಮುಟ್ಟಲಿಲ್ಲವೆಂದು ಕೊರಗಿದ್ದರೂ ಕೊರಗಿರಬಹುದು. ಹುಡುಕಿ ಒಂದು ಕಾಗದ ಬರೆಯಬೇಕೆಂದು ಬಹಳ ಸಲ ಅಂದುಕೊಂಡೆ. ಅಂದುಕೊಂಡದ್ದಷ್ಟೇ.

ಬೋರೇಗೌಡ ಬೆಲ್ಲ ಕೊಟ್ಟ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ನಡೆಯುತ್ತಿದ್ದಾಗ, ಇಷ್ಟೆಲ್ಲ ಆಗುವವರೆಗೂ ನನ್ನ ಮನೆಯ ತಪ್ಪಲೆಯನ್ನು ನಾನು ನೋಡಲೇ ಇಲ್ಲವಲ್ಲ ಎಂದು ದಾರಿಯಲ್ಲಿ ಹೊಳೆಯಿತು. ಐದಾರು ತಿಂಗಳು ಇನ್ನೊಬ್ಬನ ಮಡಕೆಯ ವಿಚಾರ ಕೇಳಿದ್ದೆ. ಸಾವಿತ್ರಿ ಹದಿಮೂರು ವರ್ಷದಿಂದ ನನಗೆ ಬಡಿಸಿ ಆಮೇಲೆ ತಾನು ಉಣ್ಣುತ್ತಾಳೆಂದು ತಿಳಿದಿದ್ದೆ. ಏನು ಉಣ್ಣುತ್ತಾಳೆ, ಎಷ್ಟು ಉಣ್ಣುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅಪರಾಧಿಯ ಹಾಗೆ ಮನೆ ಹೊಕ್ಕು, ಉಂಡು, ಕೈ ತೊಳೆದು, ಎಂದಿನಂತೆ ಜಗಲಿಗೆ ಹೋಗದೆ ನೇರ ಅಡಿಗೆಮನೆಗೆ ಹೋಗಿ ಅನ್ನದ ತಪ್ಪಲೆಯ ಮುಚ್ಚಳ ತೆಗೆದೆ. ಎರಡು ಹಿಡಿ ಅನ್ನವಿತ್ತು.

“ಯಾಕೆ, ಸಾಲಲಿಲ್ವೇ? ಕೇಳಬಾರದಿತ್ತೇ?” ಎಂದು ಸಾವಿತ್ರಿ ಸೌಟು ತೆಗೆದುಕೊಂಡಳು.

“ಅದಲ್ಲ. ನಿನಗೆ ಇಷ್ಟೇ ಏನು? ನೀನು ದಿನಾ ಇಷ್ಟೇ ಊಟ ಮಾಡೋದೇನು?”

ಅವಳು ಸೌಟನ್ನು ಕೆಳಗಿಟ್ಟು ಹೇಳಿದಳು:

“ನಂದು ಆಗಲೇ ಆಗಿದೆ. ಇದು ಸಂಜೆಗೆ.”

“ಆಗಲೇ ಅಂದ್ರೆ?”

“ನಿಮ್ಮನ್ನ ಕರೆಯೋಕೆ ಮುಂಚೆ. ಯಾವಾಗಲೂ ಹಾಗೇನೇ. ಮದುವೆಯಾದ ಮೊದಲನೇ ವರ್ಷ ಕಷ್ಟ ಪಟ್ಟೆ. ಆಮೇಲೆ ಇಲ್ಲ.”

ಆಗ ತಿಳಿಯಿತು. ಒಲೆ ಹಚ್ಚುವುದಕ್ಕೆಂದು ಅಚ್ಚುಕೂಟದಿಂದ ನಾನು ತರುತ್ತಿದ್ದ, ಅಚ್ಚಾಗಿ ಮುಗಿದ ಪುಸ್ತಕಗಳ ರದ್ದಿ ಕರಡುಗಳನ್ನು ಅವಳು ಉರಿಗೆ ಹಾಕುವ ಮುಂಚೆ ಓದುತ್ತಿದ್ದಳು. ಯಾವುದೋ ಕತೆಯ ಒಂದು ಹಾಳೆಯಲ್ಲಿ ಒಬ್ಬ ಅಡಿಗೆಭಟ್ಟನಿದ್ದನಂತೆ. ಅಡಿಗೆ ಚೆನ್ನಾಗಿಲ್ಲವೆಂದು ಯಜಮಾನ ಬೈದರೆ ಹಸಿದ ಹೊಟ್ಟೆಯಲ್ಲಿ ತಡೆದುಕೊಳ್ಳಲಾಗುವುದಿಲ್ಲವೆಂದು ಅವನು ಬಡಿಸುವ ಮುಂಚೆಯೇ ಹೊಟ್ಟೆತುಂಬ ಉಂಡುಬಿಡುತ್ತಿದ್ದನಂತೆ. ಮದುವೆಯಾದ ಎರಡನೆಯ ವರ್ಷದಲ್ಲೇ ಸಾವಿತ್ರಿ ಅದನ್ನು ನನ್ನ ತಾಯಿಗೆ ಓದಿ ಹೇಳಿದ್ದಳು. ಬೋರೇಗೌಡ ಬೆಲ್ಲ ಕೊಟ್ಟ ಹೊತ್ತಿಗೆ ನನ್ನ ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಅಡಿಗೆಯ ಹೊತ್ತಿನಲ್ಲಿ ಅಡಿಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಮಡಿಗಾಗಿ ಎಂದು ನಾನು ಆ ಕಡೆ ಸುಳಿಯುತ್ತಿರಲಿಲ್ಲ. ಹೊರಗೆ ಕೂತು ಕರಡು ತಿದ್ದುತ್ತಿದ್ದೆ.

“ಮಡಿ ಎಲ್ಲಿಯದು” ಎಂದಳು ಸಾವಿತ್ರಿ. “ಬಾಗಿಲು ಹಾಕಿಸ್ತಾ ಇದ್ದದ್ದು ಅತ್ತೆಯವರೇ. ದೇವರ ನೈವೇದ್ಯ ಆಯ್ತಲ್ಲ, ಅವನದೇನು ಅವಸರ, ಅಕ್ಷರ ಎಣಿಸ್ತಾ ಕೂತಿರ್ತಾನೆ, ಬಾ ನಾವು ಮೊದಲು ಊಟ ಮಾಡೋಣ ಅನ್ನೋರು. ಇಬ್ಬರೂ ಒಲೆ ಮುಂದೆ ಕೂತು, ಆವತ್ತಿನ ರದ್ದೀಲಿ ಏನಿದೆಯೋ ಅದನ್ನ ನಾನು ಓದೋದು, ಅವರು ಕೇಳೋದು. ಮುಂದಿನ ಪುಟ ಇಲ್ಲದಿದ್ರೆ ಅವರೇ ಮುಂದಿನ ಕತೆ ಹೇಳೋರು.”

ನಾನು ಮುಚ್ಚಳ ಹಿಡಿದುಕೊಂಡೇ ನಿಂತಿದ್ದೆ. ನನ್ನ ನೆನಪಿನಲ್ಲಿ ಅಮ್ಮ ಎಂದರೆ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತ ಕೂತ, ಮಾತಿಲ್ಲದ, ಗಂಟುಮುಖದ ಹೆಂಗಸು. ಅವರು ನಕ್ಕದ್ದನ್ನು ನಾನು ನೋಡಿದ ನೆನಪಿಲ್ಲ.

“ಅಮ್ಮ ನಗ್ತಿದ್ದರೇನು?” ಎಂದು ಕೇಳಿದೆ.

“ತುಂಬಾ ನಗೋರು” ಎಂದಳು ಸಾವಿತ್ರಿ. “ನಿಮಗೆ ಕೇಳಿಸಬಾರದು ಅಂತ ಬಾಯಿಗೆ ಸೆರಗು ಅಡ್ಡ ಇಟ್ಕೊಳ್ಳೋರು.”